ನಮ್ಮ ಮನೆಗೆ ಬಂದ ಇನ್ಸ್‌ಪೆಕ್ಷನ್

ಎಂಬತ್ತರ ದಶಕದ ಮೊದಮೊದಲ ವರ್ಷಗಳಲ್ಲಿ ನಾವು ಬನಶಂಕರಿ ಎರಡನೇ ಹಂತದ ಒಂದು ಬಾಡಿಗೆ ಮನೆಯಲ್ಲಿದ್ದೆವು. ಹಿತ್ತಲಲ್ಲಿ ಒಂದು ತೆಂಗಿನ ಮರ, ಅದರ ಪಕ್ಕ ಒಂದು ನಲ್ಲಿ. ಬೆಳಗಾದರೆ ಆ ಮನೆಯಲ್ಲಿ ಎಲ್ಲರ ಬಾಯಲ್ಲೂ ಬರುತ್ತಿದ್ದ ಮೊದಲ ಮಾತು, "ನೀರು ಬಂತಾ?" ದಿನ ಬಿಟ್ಟು ದಿನ ಬೆಳಿಗ್ಗೆ ಒಂದೂವರೆ ಗಂಟೆ ಮಾತ್ರ ನೀರು. ಅಮ್ಮ ಅಡುಗೆಮನೆಯಿಂದ ಕೇಳುತ್ತಿದ್ದಳು, ಅಜ್ಜಿ ಹಾಸಿಗೆಯಿಂದ ಕೇಳುತ್ತಿದ್ದಳು, ಅಪ್ಪ ಬಾಯಿ ತುಂಬ ಪೇಸ್ಟಿನ ನೊರೆ ಇಟ್ಟುಕೊಂಡು ಕೇಳುತ್ತಿದ್ದರು. ಉತ್ತರ ಕೊಡುವ ಕರ್ಮ ನನ್ನದು. ನಾನಾಗ ಬಿ.ಎ. ಎರಡನೇ ವರ್ಷ, ನಲ್ಲಿಯ ಪಕ್ಕದ ರೂಮು ನನ್ನದಾಗಿತ್ತು.

ಆ ರೂಮಿಗೆ ನಾಲ್ಕು ತಿಂಗಳ ಮಟ್ಟಿಗೆ ಕೆನಡಾದ ಒಬ್ಬ ಹುಡುಗಿ ಬಂದಳು. ಅಪ್ಪನ ಸಾಹೇಬರಿಗೆ ಪರಿಚಯದ ಪ್ರೊಫೆಸರೊಬ್ಬರು ಹೊರದೇಶದಿಂದ ಒಂದು ಸೆಮಿಸ್ಟರ್ ಓದಲು ಬರುವ ಹುಡುಗರಿಗೆ ಮನೆ ಹುಡುಕಿಕೊಡುತ್ತಿದ್ದರು. ಸಾಹೇಬರು ಕೇಳಿದರು, ಅಪ್ಪ ಆಗಲಿ ಸಾರ್ ಅಂದರು. ಸಾಹೇಬರು ಆನೆ ಸಾಕುತ್ತೀರಾ ಅಂದಿದ್ದರೂ ಅಪ್ಪ ಆಗಲಿ ಸಾರ್ ಅನ್ನುತ್ತಿದ್ದರು. ಅಜ್ಜಿ, "ಕೆನಡಾ ಅಂದ್ರೆ ಎಲ್ಲೋ?" ಅಂತ ಕೇಳಿದಳು. "ಅಮೆರಿಕದ ತಲೆ ಮೇಲೆ" ಅಂದರು ಅಪ್ಪ. ಅಜ್ಜಿಗೆ ಅಷ್ಟು ಸಾಕಾಯಿತು. ಹುಡುಗಿಗೆ ದೊರೆಸಾನಿ ಅಂತ ಹೆಸರಿಟ್ಟಳು.

ದೊರೆಸಾನಿ ಉದ್ದಕ್ಕಿದ್ದಳು. ಮೊದಲ ದಿನವೇ ಬಚ್ಚಲಮನೆಯ ಬಾಗಿಲಿಗೆ ಹಣೆ ಬಡಿಸಿಕೊಂಡಳು. ಅಲ್ಪಸ್ವಲ್ಪ ಕನ್ನಡ ಕಲಿತುಬಂದಿದ್ದಳು, ಉಳಿದದ್ದಕ್ಕೆ ನನ್ನ ಇಂಗ್ಲಿಷು. ಹಣೆಗೆ ಅರಿಶಿನ ಹಚ್ಚಿಸಿಕೊಳ್ಳುತ್ತಾ ತನ್ನ ಕಥೆ ಹೇಳಿದಳು. ತಾನು ಉಳಿದುಕೊಂಡ ಮನೆಯ ದಿನನಿತ್ಯದ ಬದುಕಿನ ಬಗ್ಗೆ ಅವಳೊಂದು ದೊಡ್ಡ ಪ್ರಬಂಧ ಬರೆಯಬೇಕು. ಒಟ್ಟು ಅಂಕಗಳಲ್ಲಿ ಅರ್ಧ ಅದಕ್ಕೇ. ಅದು ಸರಿಯಾಗದಿದ್ದರೆ ಸೆಮಿಸ್ಟರ್ ಫೇಲು, ಫೇಲಾದರೆ ಸ್ಕಾಲರ್‌ಶಿಪ್ ಹೋಗುತ್ತದೆ, ಅದು ಹೋದರೆ ಕಾಲೇಜು ಬಿಟ್ಟು ಅವಳಮ್ಮ ಕೆಲಸ ಮಾಡುವ ಮೀನಿನ ಕಾರ್ಖಾನೆಗೆ ಸೇರಬೇಕು. ನಾನು ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಹೇಳಿದ್ದೇ ತಪ್ಪಾಯಿತು.

ಅಪ್ಪ ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟರಾಗಿದ್ದರು. ಬದುಕಿನಲ್ಲಿ ಅವರಿಗೆ ಪೂರ್ತಿ ಅರ್ಥವಾಗಿದ್ದ ಒಂದೇ ವಿಷಯ ಇನ್ಸ್‌ಪೆಕ್ಷನ್. ಮೇಲಿನ ಅಧಿಕಾರಿ ಬರುವ ವಾರ ಕಚೇರಿಗೆ ಫಿನಾಯಿಲ್ ಹೊಡೆಯುತ್ತಾರೆ, ಪಕ್ಕದ ಕಚೇರಿಯಿಂದ ಹೂಕುಂಡ ಎರವಲು ತರುತ್ತಾರೆ, ಸದಾ ತೂಕಡಿಸುವ ಗುಮಾಸ್ತನಿಗೆ ರಜೆ ಕೊಟ್ಟು ಕಳಿಸುತ್ತಾರೆ. ಅಧಿಕಾರಿ ಹೋದ ಮೇಲೆ ಹೂಕುಂಡ ವಾಪಸು, ಗುಮಾಸ್ತನೂ ವಾಪಸು. ಅಪ್ಪ ಅಮ್ಮನನ್ನೂ ಅಜ್ಜಿಯನ್ನೂ ನನ್ನನ್ನೂ ಕೂರಿಸಿಕೊಂಡು ಹೇಳಿದರು:

"ನೋಡಿ, ಮನೆ ಚೆನ್ನಾಗಿದ್ರೆ ರಿಪೋರ್ಟ್ ಚೆನ್ನಾಗಿ ಬರುತ್ತೆ. ರಿಪೋರ್ಟ್ ಚೆನ್ನಾಗಿ ಬಂದ್ರೆ ಮಗು ಪಾಸಾಗುತ್ತೆ. ಪಾಪ, ಮೀನಿನ ಕಾರ್ಖಾನೆಗೆ ಕಳ್ಸೋಕಾಗುತ್ತಾ?"

ಸಸ್ಯಾಹಾರಿ ಲಿಂಗಾಯತರ ಮನೆ ನಮ್ಮದು. ಮೀನು ಅಂದದ್ದೇ ಅಮ್ಮನ ಕಣ್ಣಲ್ಲಿ ನೀರು ಬಂತು. ತೀರ್ಮಾನವಾಯಿತು.

ಮಾರನೆಯ ದಿನದಿಂದ ನಮ್ಮ ಮನೆ ನಮಗೇ ಗುರುತು ಸಿಗದಂತಾಯಿತು. ಬಸ್ಸು ತಪ್ಪುತ್ತದೆಂದು ಓಡುತ್ತಾ ಹಣೆಗೆ ವಿಭೂತಿ ಎಳೆದುಕೊಳ್ಳುತ್ತಿದ್ದ ಅಪ್ಪ, ಐದಕ್ಕೆ ಎದ್ದು ಒಂದು ಗಂಟೆ ಶಿವಪೂಜೆಗೆ ಕೂರತೊಡಗಿದರು. ಅರ್ಧ ಗಂಟೆಯ ನಂತರ ಅದು ನಿದ್ದೆ ಅಂತ ನಮಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ. "ನೀರು ಬಂತಾ" ಅನ್ನುವುದಕ್ಕೆ ನಿಷೇಧ ಬಿತ್ತು. ಬದಲಿಗೆ ಎಲ್ಲರೂ ಕೈ ಮುಗಿದು ಶುಭೋದಯ ಅನ್ನಬೇಕು. ನಾನು ನಲ್ಲಿಯ ಹತ್ತಿರ ನಿಂತು ಒಂದು ಸಲ ಕೆಮ್ಮಿದರೆ ನೀರು ಬಂದಿದೆ, ಎರಡು ಸಲ ಕೆಮ್ಮಿದರೆ ಬಂದಿಲ್ಲ. ಅಮ್ಮ ವಾರಕ್ಕೆ ಎರಡು ಸಲ ಒಬ್ಬಟ್ಟು ಮಾಡಿದಳು. ಅಜ್ಜಿಯ ನಶ್ಯದ ಡಬ್ಬಿಯನ್ನು ತೆಂಗಿನ ಮರದ ಹಿಂದಕ್ಕೆ ಗಡೀಪಾರು ಮಾಡಲಾಯಿತು. ಶ್ರೀನಗರದ ಅತ್ತೆಯ ಮನೆಯಿಂದ ಒಂದು ವೀಣೆ ಆಟೋದಲ್ಲಿ ಬಂತು. ಸಂಜೆ ನಾನು ಅದನ್ನು ನುಡಿಸಬೇಕು. ನನಗೆ ಬರುತ್ತಿದ್ದದ್ದು ಸರಳೆಯ ಮೊದಲ ಎರಡು ವರಸೆ ಮಾತ್ರ, ಅದರಲ್ಲೂ ಎರಡನೆಯದು ಅನುಮಾನ.

ಹುಡುಗಿ ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಬರೆದುಕೊಂಡಳು. ಒಮ್ಮೆ ನನಗೇ ಓದಿ ತೋರಿಸಿದಳು. 'ಈ ನಗರದ ಹೆಣ್ಣುಮಕ್ಕಳು ಮುಸ್ಸಂಜೆಯನ್ನು ಸ್ವಾಗತಿಸಲು ಪ್ರತಿದಿನ ಒಂದೇ ರಾಗ ನುಡಿಸುತ್ತಾರೆ. ಮನೆಯ ಹಿರಿಯಳು ದಿನಕ್ಕೆ ಆರು ಬಾರಿ ಮರದ ಹಿಂದೆ ಹೋಗಿ ಒಬ್ಬಳೇ ಪ್ರಾರ್ಥಿಸುತ್ತಾಳೆ. ಮರಳಿ ಬಂದಾಗ ಭಕ್ತಿಯಿಂದ ಅವಳ ಕಣ್ಣು ಒದ್ದೆಯಾಗಿರುತ್ತದೆ.' ನಾನು ತುಟಿ ಕಚ್ಚಿಕೊಂಡು ಚೆನ್ನಾಗಿದೆ ಅಂದೆ. ಆಮೇಲೆ ಬಚ್ಚಲಮನೆಗೆ ಹೋಗಿ ಬಾಯಿಗೆ ಟವೆಲ್ ತುರುಕಿಕೊಂಡು ನಕ್ಕೆ. ಪಾಪಿ ನಾನು, ಸತ್ಯ ಹೇಳಲಿಲ್ಲ. ವೀಣೆಯ ಮುಂದೆ ಕೂತು ಗಂಭೀರವಾಗಿ ಕಾಣುವುದು ನನಗೂ ಹಿಡಿಸಿಬಿಟ್ಟಿತ್ತು.

ಹೀಗೆ ಹತ್ತು ವಾರ ನಡೆಯಿತು. ಆಮೇಲೊಂದು ಭಾನುವಾರ ಅವಳ ಕ್ಲಾಸಿನವರನ್ನೆಲ್ಲ ಬೇಗೂರಿನ ದೇವಸ್ಥಾನ ನೋಡಲು ಕರೆದುಕೊಂಡು ಹೊರಟರು. ಬರುವುದು ಸಂಜೆ. ಅವಳು ಗೇಟು ದಾಟಿದ ಕೂಡಲೇ ಅಪ್ಪ, "ಅಪ್ಪಾ ಸಾಕಾಯ್ತು" ಅಂದು ಷರ್ಟು ಬಿಚ್ಚಿ ಎಸೆದರು. ಆದರೆ ಅವರ ವ್ಯಾನು ಸಾರಕ್ಕಿ ಹತ್ತಿರವೇ ಕೆಟ್ಟು ನಿಂತಿತು. ಹನ್ನೊಂದು ಗಂಟೆಗೆ ಅವಳು ವಾಪಸು ಬಂದು ಬಾಗಿಲು ತಳ್ಳಿದಳು.

ಅಪ್ಪ ಪಟಾಪಟಿ ಚಡ್ಡಿಯಲ್ಲಿ, ಮೈಗೆಲ್ಲ ಹರಳೆಣ್ಣೆ ಬಳಿದುಕೊಂಡು, ನೆಲದ ಮೇಲೆ ಅಜ್ಜಿಯ ಜೊತೆ ಚೌಕಾಬಾರ ಆಡುತ್ತಿದ್ದರು. ಅಜ್ಜಿ ರಾಜಾರೋಷವಾಗಿ ನಶ್ಯ ಏರಿಸುತ್ತಾ, "ಲೋ ಕಳ್ಳ, ಕವಡೆ ತಿರುಗಿಸ್ತೀಯಾ?" ಅಂತ ಅವರ ಎಣ್ಣೆ ಬೆನ್ನಿಗೆ ಗುದ್ದುತ್ತಿದ್ದಳು. ಅಮ್ಮ ಗೋಡೆಗೆ ಒರಗಿ ಹಿಂದಿನ ದಿನದ ಉಪ್ಪಿಟ್ಟನ್ನು ಬಾಣಲೆಯಿಂದಲೇ ತಿನ್ನುತ್ತಾ ವಾರಪತ್ರಿಕೆಯ ಧಾರಾವಾಹಿ ಓದುತ್ತಿದ್ದಳು. ವೀಣೆಯ ಮೇಲೆ ನನ್ನ ಒದ್ದೆ ಲಂಗ ಒಣಗುತ್ತಿತ್ತು.

ಅಪ್ಪ ಎದ್ದು ನಿಂತು, ಕೈ ಮುಗಿದು, "ಶುಭೋದಯ" ಅಂದರು.

ಅವಳು ಒಬ್ಬೊಬ್ಬರನ್ನಾಗಿ ನೋಡಿದಳು. ಕೊನೆಗೆ ವೀಣೆಯನ್ನು ನೋಡಿದಳು. ಸೀದಾ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಹಿಂದೆಯೇ ಹೋದೆ. ನೋಟ್‌ಬುಕ್ಕನ್ನು ಮಡಿಲಲ್ಲಿಟ್ಟುಕೊಂಡು ಅಳುತ್ತಿದ್ದಳು. "ಇದರಲ್ಲಿ ಎಷ್ಟು ಸುಳ್ಳು?" ಅಂತ ಕೇಳಿದಳು. ನಾನು ತಲೆ ತಗ್ಗಿಸಿ, "ಮರ ನಿಜ" ಅಂದೆ. ನನಗೆ ನಿಜವಾಗಿ ನಾಚಿಕೆಯಾಯಿತು. ಅವಳು ನಾವು ತೋರಿಸಿದ್ದನ್ನೆಲ್ಲ ನಂಬಿದ್ದಳು, ನಾವು ಅವಳ ವರ್ಷವನ್ನೇ ಮುಳುಗಿಸಿದ್ದೆವು.

ಉಳಿದದ್ದು ಐದು ವಾರ. ನಾನು ಅಪ್ಪನಿಗೆ ಬಿಡಿಸಿ ಹೇಳಿದೆ, ಅವಳಿಗೆ ಬೇಕಾದದ್ದು ನಾವು ಇರುವ ಹಾಗೆಯೇ ಇರುವುದು ಅಂತ. ಅಪ್ಪ ಅದನ್ನೂ ಆದೇಶವೆಂದೇ ತಿಳಿದರು. ಒಂದು ಹಾಳೆಯಲ್ಲಿ ಹೊಸ ವೇಳಾಪಟ್ಟಿ ಬರೆದು ಕ್ಯಾಲೆಂಡರಿನ ಪಕ್ಕ ಸಿಕ್ಕಿಸಿದರು. ಏಳೂವರೆಗೆ ಗಂಡ ಹೆಂಡಿರ ಜಗಳ ಅಂತ ಅದರಲ್ಲಿತ್ತು. ಮಾರನೆಯ ದಿನ ಏಳೂವರೆಗೆ ಅಪ್ಪ ಗಂಟಲು ಸರಿಮಾಡಿಕೊಂಡು, "ಕಾಫಿಗೆ ಸಕ್ಕರೆ ಕಮ್ಮಿ ಆಗಿದೆಯಲ್ಲವೇ?" ಅಂದರು. ಅಮ್ಮ, "ಕ್ಷಮಿಸಿ" ಅಂದಳು. ಹುಡುಗಿ ಪೆನ್ನು ಕೆಳಗಿಟ್ಟು ಕೂತಳು. ಅಮ್ಮನಂತೂ ತಂಗಳು ಬಡಿಸಲು ಸುತರಾಂ ಒಪ್ಪಲಿಲ್ಲ. "ಮನೆಗೆ ಬಂದೋಳಿಗೆ ನಿನ್ನೆದು ಹಾಕೋದಾ? ನಂಗೆ ಕೈ ಬರಲ್ಲ ಕಣೇ. ಬೇಕಾದ್ರೆ ನೀನೇ ಹಾಕ್ಕೊಡು" ಅಂದಳು.

ಗಂಟು ಬಿಡಿಸಿದ್ದು ನೀರು. ಮುಂದಿನ ವಾರ ಎರಡು ಸರತಿ ನಲ್ಲಿ ಒಣಗಿಕೊಂಡೇ ಇತ್ತು. ಮೂರನೆಯ ದಿನ ಮಧ್ಯಾಹ್ನ ಹಿತ್ತಲಿನಿಂದ ಧಪ್ ಧಪ್ ಅಂತ ಸದ್ದು ಕೇಳಿ ಅಮ್ಮ ಹೋಗಿ ನೋಡಿದರೆ, ದೊರೆಸಾನಿ, ನಾವು ಕುಡಿಯಲು ಹಿಡಿದಿಟ್ಟಿದ್ದ ಕೊನೆಯ ಎರಡು ಬಿಂದಿಗೆ ನೀರನ್ನು ಬಕೆಟ್ಟಿಗೆ ಸುರಿದುಕೊಂಡು ತನ್ನ ಜೀನ್ಸ್ ಪ್ಯಾಂಟು ಒಗೆಯುತ್ತಿದ್ದಳು.

"ಏನೇ, ಕಣ್ಣು ಕಾಣ್ಸಲ್ವೇನೇ ನಿಂಗೆ?" ಅಂತ ಅಮ್ಮ ಶುರು ಮಾಡಿದಳು. "ಮನೆಮಂದಿಯೆಲ್ಲ ಒಂದ್ಲೋಟ ನೀರಿಗೆ ಬಾಯ್ ಬಿಡ್ತಿದೀವಿ, ನೀನು ಕುಡಿಯೋ ನೀರ್ನಲ್ಲಿ ಪ್ಯಾಂಟ್ ಒಗೀತಿದೀಯಾ? ನಿಮ್ಮಮ್ಮ ಇದೇನಾ ಕಲ್ಸಿರೋದು? ಈ ಗೋಣಿಚೀಲ ಒಂದ್ವಾರ ಒಗೀದಿದ್ರೆ ಏನ್ ಪ್ರಾಣ ಹೋಗ್ತಿತ್ತಾ? ಸಂಜೆ ಅನ್ನಕ್ಕೆ ಇಡೋ ನೀರು ನಿಮ್ಮಪ್ಪ ತರ್ತಾನಾ?"

ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಅಜ್ಜಿ ನಶ್ಯದ ಚಿಟಿಕೆಯನ್ನು ಮೂಗಿನ ಹತ್ತಿರ ಹಿಡಿದು ಹಾಗೇ ಕೂತಳು. ಹುಡುಗಿಯ ಮುಖ ಕೆಂಪಾಯಿತು. ಆಮೇಲೆ ನಿಧಾನವಾಗಿ ಅರಳಿತು. ಸೋಪಿನ ಕೈಯಲ್ಲೇ ಓಡಿಹೋಗಿ ನೋಟ್‌ಬುಕ್ ತಂದು, "ಆಂಟಿ, ದಯವಿಟ್ಟು ಮತ್ತೆ ಹೇಳಿ, ಗೋಣಿಚೀಲದ ನಂತರ ಏನು?" ಅಂದಳು.

"ಬರ್ಕೊಳ್ತಾಳೆ ನೋಡು ಪೀಡೆ" ಅಂದಳು ಅಮ್ಮ. "ಮೊದ್ಲು ಬಿಂದಿಗೆ ಎತ್ಕೊಂಡು ಪಕ್ಕದ ಬೀದಿ ಬೋರ್‌ವೆಲ್‌ಗೆ ನಡಿ."

ಅಲ್ಲಿಗೆ ಇನ್ಸ್‌ಪೆಕ್ಷನ್ ಮುಗಿಯಿತು. ಒಂದು ಸಲ ಬೈದ ಮೇಲೆ ಅಮ್ಮನಿಗೆ ಅವಳು ನೆಂಟಳಾಗಿ ಕಾಣಲೇ ಇಲ್ಲ. ಮರುದಿನ ಬೆಳಿಗ್ಗೆ ತಂಗಳನ್ನಕ್ಕೆ ಮೊಸರು ಕಲಸಿ ನಮ್ಮಿಬ್ಬರನ್ನೂ ಎದುರು ಕೂರಿಸಿಕೊಂಡು ಕೈತುತ್ತು ಹಾಕಿದಳು. ಹುಡುಗಿ ಅಕ್ಕಿಯಲ್ಲಿ ಕಲ್ಲು ಆರಿಸಿದಳು, ಚೌಕಾಬಾರದಲ್ಲಿ ಅಜ್ಜಿಯ ಕೈಲಿ ಕಳ್ಳಿ ಅನ್ನಿಸಿಕೊಂಡಳು, ಒಂದು ಚಿಟಿಕೆ ನಶ್ಯ ಏರಿಸಿ ಹನ್ನೊಂದು ಸಲ ಸೀನಿದಳು. ಬೆಳಿಗ್ಗೆ ಎಲ್ಲರಿಗಿಂತ ಮೊದಲು, "ನೀರು ಬಂತಾ?" ಅಂತ ಅವಳೇ ಕೂಗುತ್ತಿದ್ದಳು. ಪ್ರಬಂಧದಲ್ಲಿ ಮೊದಲರ್ಧ ಹತ್ತು ವಾರದ್ದು, ಎರಡನೆಯ ಅರ್ಧ ಐದು ವಾರದ್ದು, ಎರಡನ್ನೂ ತಾನು ಕಂಡದ್ದು ಕಂಡಹಾಗೆ ಬರೆದು ಮುಗಿಸಿ ಊರಿಗೆ ಹೋದಳು.

ಎರಡು ತಿಂಗಳಿಗೆ ಅವಳ ಕಾಗದ ಬಂತು. ಅವಳ ಮೇಷ್ಟ್ರು ಪ್ರಬಂಧವನ್ನು ತಡೆಹಿಡಿದಿದ್ದರು. ಈ ಎರಡು ಅರ್ಧ ಒಂದೇ ಮನೆಯದ್ದಾಗಲು ಸಾಧ್ಯವೇ ಇಲ್ಲ, ಯಾವುದೋ ಒಂದನ್ನು ನೀನು ಹುಟ್ಟಿಸಿ ಬರೆದಿದ್ದೀಯ ಅನ್ನುವುದು ಅವರ ವಾದ. ಅದರಲ್ಲೂ ಮೊದಲರ್ಧವೇ ನಿಜ, ಎರಡನೆಯದು ಕಟ್ಟುಕಥೆ ಅಂತ ಅವರ ಅನುಮಾನ. ಯಾವುದು ನಿಜ ಅಂತ ಆ ಮನೆಯವರಿಂದಲೇ ಬರೆಸಿ ತರಿಸದಿದ್ದರೆ ಫೇಲು.

ನಾನು ಜೋರಾಗಿ ಓದಿ ಮುಗಿಸಿದೆ. ಅಮ್ಮ ಅಪ್ಪನ ಮುಖ ನೋಡಿದಳು. ಬರೆದುಕೊಡುವುದೆಂದರೆ ಸುಳ್ಳು ಹೇಳಿದವರು ನಾವು ಅಂತ ಬರೆಯಬೇಕು. ಅದೂ ಯಾವುದೋ ದೇಶದ ಕಾಲೇಜಿಗೆ, ಸಹಿ ಸಮೇತ. ಮೂವತ್ತು ವರ್ಷದ ಸರ್ವೀಸಿನಲ್ಲಿ ಅಪ್ಪ ಒಂದು ಇನ್ಸ್‌ಪೆಕ್ಷನ್ನಿನ ಗುಟ್ಟನ್ನೂ ಹೊರಗೆ ಬಿಟ್ಟವರಲ್ಲ. ಅವರು ಸ್ವಲ್ಪ ಹೊತ್ತು ಕನ್ನಡಕ ಒರೆಸಿದರು. ಆಮೇಲೆ, "ಹಾಳೆ ತಗೊಂಬಾ" ಅಂದರು.

ಕನ್ನಡದಲ್ಲಿ ಅವರು ಬರೆದರು, ಕೆಳಗೆ ಇಂಗ್ಲಿಷಿನಲ್ಲಿ ನಾನು. 'ಈ ಮೂಲಕ ದೃಢೀಕರಿಸುವುದೇನೆಂದರೆ, ಸದರಿ ಪ್ರಬಂಧದ ಮೊದಲರ್ಧದಲ್ಲಿ ವಿವರಿಸಲಾದ ಪೂಜೆ, ಒಬ್ಬಟ್ಟು, ವೀಣೆ ಇತ್ಯಾದಿಗಳು ವಿದ್ಯಾರ್ಥಿನಿಯ ಹಿತದೃಷ್ಟಿಯಿಂದ ತಾತ್ಕಾಲಿಕವಾಗಿ ಏರ್ಪಡಿಸಿದವುಗಳಾಗಿರುತ್ತವೆ. ನಾನು ನಿತ್ಯ ಐದು ನಿಮಿಷ ಮಾತ್ರ ಪೂಜೆ ಮಾಡುತ್ತೇನೆ. ಪಟಾಪಟಿ ಚಡ್ಡಿ ನನ್ನದೇ ಆಗಿರುತ್ತದೆ. ಎರಡನೆಯ ಅರ್ಧವು ಅಕ್ಷರಶಃ ಸತ್ಯವಾಗಿರುತ್ತದೆ.' ಅಜ್ಜಿ ನಶ್ಯದ ಬೆರಳನ್ನು ಸೆರಗಿಗೆ ಒರೆಸಿಕೊಂಡು ಹೆಬ್ಬೆಟ್ಟು ಒತ್ತಿದಳು. ಅಮ್ಮ ಪೆನ್ನು ಹಿಡಿದು ನಿಂತೇ ಇದ್ದಳು.

"ನಾನ್ ಬೈದಿದ್ದು ಬಿಟ್ಟಿದೀರಲ್ರೀ" ಅಂದಳು. "ಅದೂ ಸೇರ್ಸಿ. ನಮ್ಮ ಮಗಳನ್ನ ಬೈಯೋ ಹಾಗೇನೇ ಬೈದಿದೀನಿ, ಒಂದು ಮಾತೂ ಕಮ್ಮಿ ಮಾಡಿಲ್ಲ ಅಂತ ಹಾಕಿ."

ಅಪ್ಪ ಅದನ್ನೂ ಸೇರಿಸಿದರು. ಅಮ್ಮ ಸಹಿ ಮಾಡಿದಳು. ನಾನು ಜಯನಗರದ ಪೋಸ್ಟಾಫೀಸಿಗೆ ನಡೆದುಹೋಗಿ ರಿಜಿಸ್ಟರ್ ಮಾಡಿ ಬಂದೆ.

ಅದಾದ ಮೇಲೆ ಪೋಸ್ಟ್‌ಮ್ಯಾನ್ ಸೈಕಲ್ ಬೆಲ್ಲು ಕೇಳಿದಾಗಲೆಲ್ಲ ಅಮ್ಮ ಒಲೆ ಸಣ್ಣ ಮಾಡಿ ಹೊರಗೆ ಬರುತ್ತಿದ್ದಳು. ಕೊನೆಗೊಂದು ದಿನ ಏರ್‌ಮೇಲ್ ಕವರ್ ಬಂತು. ಈ ಸಲ ವಿಳಾಸದಲ್ಲಿ ಅಪ್ಪನ ಹೆಸರಿರಲಿಲ್ಲ, ಅಮ್ಮನದಿತ್ತು. ಒಳಗಿನ ಹಾಳೆಯಲ್ಲಿ ಒಂದಕ್ಕೊಂದು ತಾಗದಂತೆ ಬರೆದ ದಪ್ಪ ದಪ್ಪ ಕನ್ನಡ ಅಕ್ಷರಗಳು. ಅಮ್ಮ ತಾನೇ ಓದಿಕೊಂಡಳು.

'ಅಮ್ಮ, ನೀರು ಬಂತಾ? ನಾನು ಪಾಸು.'

ಅಮ್ಮ ಅದನ್ನು ಎರಡು ಸಲ ಓದಿದಳು. ಕಣ್ಣೊರೆಸಿಕೊಂಡು, ರೇಷನ್ ಕಾರ್ಡ್ ಇಡುತ್ತಿದ್ದ ತಗಡಿನ ಡಬ್ಬಿಯಲ್ಲಿ ಅದನ್ನು ಇಟ್ಟಳು. ಆಮೇಲೆ ನನ್ನ ಕಡೆ ತಿರುಗಿ, "ಇವತ್ತು ಬಂದಿಲ್ಲ, ನಾಳೆ ಬರ್ಬೋದು ಅಂತ ಬರಿ" ಅಂದಳು.