ಐದು ನಿಮಿಷಕ್ಕೊಮ್ಮೆ ಬಿಪಿ ನೋಡುವ ಫರಾಜ

ಗುಳಿಗೆ ಕೊಡಲೇ, ಬೇಡವೇ? ಎದೆನೋವು ನಿಜ, ಹಣೆಯ ಬೆವರೂ ನಿಜ. ಆದರೆ ಬಿಪಿ ತೊಂಬತ್ತು ದಾಟುತ್ತಿಲ್ಲ. ತೋಳಿಗೆ ಸುತ್ತಿದ ಪಟ್ಟಿ ಸಡಿಲವಾಗಿತ್ತೇ? ಆಂಬ್ಯುಲೆನ್ಸ್‌ನಲ್ಲಿ ಬಂದ ಫರಾಜ ಇನ್ನೊಮ್ಮೆ ಕಟ್ಟುತ್ತಾರೆ. ಎಂಬತ್ತೆಂಟು.

ಗಬ್ಬೂರಿನ ಒಂದು ಮನೆಯಲ್ಲಿ ಆಗಷ್ಟೇ ಬೆಳಕು ಹರಿಯುತ್ತಿದೆ. ಹತ್ತಿ ವ್ಯಾಪಾರಿ ನೀಲಕಂಠಪ್ಪ ಎದೆ ಹಿಡಿದು ಮಂಚಕ್ಕೆ ಒರಗಿದ್ದಾರೆ. "ಎಷ್ಟ ಸಲ ಗಾಳಿ ಹೊಡಿತೀಯೋ ತಮ್ಮಾ, ನಾ ಏನ ಸೈಕಲ್ ಗಾಲಿ ಏನ?"

ಮಗ ಬಸವಪ್ರಭುವಿಗೆ ನಗು ಬರುವುದಿಲ್ಲ. "ಹ್ವಾದ ವರ್ಷ ಬಂದಾಂವ ಬಂದ ಕೂಡ್ಲೇ ನಾಲಿಗಿ ಕೆಳಗ ಗುಳಿಗಿ ಇಟ್ಟಿದ್ದಾ. ನಿಮಗ ಬರೂದಿಲ್ಲಂದ್ರ ಹೇಳಿಬಿಡ್ರಿ."

"ಮನ್ಯಾಗ ಮೊದಲ ಏನರ ಕೊಟ್ಟೀರೇನ್ರಿ ಅವ್ವಾರ?" ಎಂದು ಫರಾಜ ಕೇಳುತ್ತಾರೆ.

"ಇಲ್ರಿ," ಎನ್ನುತ್ತಾರೆ ಹೆಂಡತಿ ಮುರಿಗೆವ್ವ.

ಮಗ ಸ್ಟ್ರೆಚರ್ ತರಲು ಹೊರಗೆ ಹೋದಾಗ ಅವರು ಸೆರಗಿನ ಗಂಟು ಬಿಚ್ಚಿ ತೋರಿಸುತ್ತಾರೆ. ತಮಗೆಂದು ಕೊಟ್ಟಿದ್ದ ಹೃದಯದ ಗುಳಿಗೆಗಳ ಸ್ಟ್ರಿಪ್, ಎರಡು ಖಾಲಿ. "ಎಷ್ಟೊತ್ತಾತ್ರಿ?" "ಅರ್ಧ ತಾಸು." ಫರಾಜ ರೋಗಿಯನ್ನು ಮಲಗಿಸಿ ಕಾಲು ಎತ್ತರಿಸುತ್ತಾರೆ. ಫೋನಿನಲ್ಲಿ ವೈದ್ಯರನ್ನು ಕೇಳಿ ಸಲೈನ್ ಹಚ್ಚುತ್ತಾರೆ. ವಿದ್ಯಾನಗರದ ಆಸ್ಪತ್ರೆ ಮುಟ್ಟುವವರೆಗೂ ಐದು ನಿಮಿಷಕ್ಕೊಮ್ಮೆ ಬಿಪಿ ನೋಡುತ್ತಾರೆ. ದಾರಿಯುದ್ದಕ್ಕೂ ಮಗ ಬೈಯುತ್ತಾನೆ.

ನಾಲಿಗೆಯ ಕೆಳಗಿಡುವ ಈ ಗುಳಿಗೆ ರಕ್ತನಾಳ ಸಡಿಲಿಸಿ ನೋವು ಇಳಿಸುತ್ತದೆ; ಜೊತೆಗೆ ಬಿಪಿಯನ್ನೂ ಇಳಿಸುತ್ತದೆ. ಮೊದಲೇ ಕುಸಿದವರಿಗೆ ಕೊಟ್ಟರೆ ಜೀವಕ್ಕೇ ಎರವಾದೀತು.

ಗರಗದ ಪಂಪ್ ಮೆಕ್ಯಾನಿಕ್ ಗುಲಾಬಸಾಬರ ಮಗ ಫರಾಜ ಆಂಬ್ಯುಲೆನ್ಸ್‌ನಲ್ಲಿ ಹನ್ನೊಂದು ವರ್ಷ ಕಳೆದಿದ್ದಾರೆ. ಹನ್ನೆರಡು ತಾಸಿನ ಪಾಳಿ, ಏಳೆಂಟು ಕರೆ. "ಮೊದಲನೇ ವರ್ಷ ಗಡಿಬಿಡ್ಯಾಗ ಬಿಪಿ ನೋಡ್ದೇ ಒಬ್ಬ ಅಮ್ಮಗ ಗುಳಿಗಿ ಇಟ್ಟಿದ್ದೆ. ಕುತ್ತಿಗಿ ವಾಲಿಬಿಡ್ತು. ಉಳಕೊಂಡ್ಳು, ಆದ್ರ ಆ ಕುತ್ತಿಗಿ ಈಗೂ ಕಣ್ಣಾಗ ಐತಿ," ಎನ್ನುತ್ತಾರೆ.

ನೀಲಕಂಠಪ್ಪನವರೂ ಉಳಿದರು. ಆದರೆ ಗುಳಿಗೆ ಕೊಡದೆ ತಡಮಾಡಿದರೆಂದು ಮಗ ದೂರು ಬರೆದ. ಗುತ್ತಿಗೆ ನೌಕರಿ, ಕಡತದಲ್ಲಿ ದೂರು ಉಳಿದರೆ ಮುಂದಿನ ವರ್ಷ ಕೆಲಸವಿಲ್ಲ. ಕಾರಣ ಕೇಳಿ ಬಂದ ನೋಟಿಸಿಗೆ ಫರಾಜ ಕೊಟ್ಟ ಉತ್ತರದಲ್ಲಿ ಹೊತ್ತು ಮತ್ತು ಬಿಪಿ ಮಾತ್ರ ಇವೆ. 5.52ಕ್ಕೆ 88. 6.20ಕ್ಕೆ 106.

ದೂರು ವಾಪಸಾಗಿದ್ದು ಮುರಿಗೆವ್ವನಿಂದ. "ಮಗ ಎದುರಿಗಿದ್ದಾ, ಬೈಯಾಕತ್ತಿದ್ದಾ. ಆ ತಮ್ಮ ಒಂದ ಮಾತ ಅಂದಿದ್ರ ಮುಗೀತಿತ್ತು. ಅನಲಿಲ್ಲ. ಕಡೀಕ ನಾನ ಮಗಗ ಹೇಳಿದೆ, ಗುಳಿಗಿ ಕೊಟ್ಟಾಕಿ ನಾನ ಅಂತ. ನೀವೂ ಬರಕೋರಿ," ಎಂದು ನನಗೆ ಹೇಳುತ್ತಾರೆ.

ಏನು ಬೇಕು ಎಂದು ಫರಾಜರನ್ನು ಕೇಳುತ್ತೇನೆ. "ದಪ್ಪ ತೋಳಿನವರಿಗೆ ಒಂದ ದೊಡ್ಡ ಪಟ್ಟಿ ಬೇಕ್ರಿ. ಸಣ್ಣದರಾಗ ಬಿಪಿ ಹೆಚ್ಚು ತೋರಸ್ತೈತಿ, ಮೋಸ ಆಗ್ತೈತಿ."

ಅಂದು ಮನೆಯಲ್ಲಿ ಮೊದಲೇ ಗುಳಿಗೆ ಇಟ್ಟವರು ಯಾರೆಂದು ಅವರು ನನಗೂ ಹೇಳಲಿಲ್ಲ.