ತಂತಿ ಕಳಚಿಟ್ಟ ಗಾಡಿ

ನಂಬದವರು ಪುಟ ತಿರುವಿ ಮುಂದಕ್ಕೆ ಹೋಗಲಿ, ನನಗೇನೂ ಸಿಟ್ಟಿಲ್ಲ. ದೆವ್ವ, ಭೂತ ಎಂದು ಬಾಯಿ ಬಡಿದುಕೊಳ್ಳುವ ಮನುಷ್ಯ ನಾನಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ಅಮೀನಗಡದಲ್ಲಿ ಗಾಡಿಗಳ ವೈರಿಂಗ್ ಕೆಲಸದ ಅಂಗಡಿ ಇಟ್ಟಿದ್ದೆ. ಕರೆಂಟು ಹರಿಯಲು ದಾರಿ ಬೇಕು, ದಾರಿ ಕಡಿದರೆ ಹರಿಯುವುದಿಲ್ಲ. ನನ್ನ ವಿದ್ಯೆ ಇಷ್ಟೇ. ಆ ರಾತ್ರಿ ಅದೂ ಸುಳ್ಳಾಯಿತು... ನನ್ನ ಕಣ್ಣೆದುರಿಗೇ.

ಆಗಷ್ಟೇ ಕತ್ತಲಾಗಿತ್ತು. ಹುನಗುಂದದ ಕಡೆಯಿಂದ ಬಂದ ಲಾರಿಯೊಂದು ಅಂಗಡಿ ಮುಂದೆ ನಿಂತಿತು. ಊರ ಹೊರಗೆ ಕಾರೊಂದು ಕೆಟ್ಟು ನಿಂತಿದೆ, ಒಳಗೆ ಕೊಡಲಿ ಏಟು ತಿಂದವನಿದ್ದಾನೆ, ಒಬ್ಬ ಹೆಣ್ಣುಮಗಳು ಮೆಕ್ಯಾನಿಕ್ಕನ್ನು ಕಳಿಸಿರಿ ಎಂದು ಅಳುತ್ತಿದ್ದಾಳೆ ಎಂದ ಲಾರಿ ಡ್ರೈವರ್. ನನ್ನ ಲಾರಿಯಲ್ಲೇ ಬಾಗಲಕೋಟೆ ಆಸ್ಪತ್ರೆಗೆ ಒಯ್ಯುತ್ತೇನೆ ಎಂದರೂ ಕಾರು ನಡೆಸುವವನು ಬಿಡಲಿಲ್ಲ, ಅದೆಂಥ ಮನುಷ್ಯನೋ ಎಂದು ಬೈದುಕೊಂಡು ಹೋದ. ನಾನು ಪಾನಾ, ಟಾರ್ಚು ಇದ್ದ ಚೀಲ ಹೆಗಲಿಗೆ ಸಿಕ್ಕಿಸಿ ಸೈಕಲ್ ಹತ್ತಿದೆ.

ಹಳೆಯ ಕಾರು. ರಸ್ತೆಯಿಂದ ಇಳಿದು ದೊಡ್ಡ ಬೇವಿನ ಮರಕ್ಕೆ ಮುಖ ಮಾಡಿ ನಿಂತಿತ್ತು. ಬಾಗಿಲು ತೆಗೆದರೆ ರಕ್ತದ ವಾಸನೆ ಮೂಗಿಗೆ ಬಡಿಯಿತು. ಹಿಂದಿನ ಸೀಟಿನಲ್ಲಿ ಶಿವಪ್ಪಗೌಡ ಎಂಬ ರೈತ, ಕುತ್ತಿಗೆಯಿಂದ ಹೆಗಲವರೆಗೆ ಸೀಳಿದ ಗಾಯ. ಅವನ ಹೆಂಡತಿ ನೀಲವ್ವ ಸೆರಗನ್ನು ಗಾಯಕ್ಕೆ ಒತ್ತಿ ಹಿಡಿದಿದ್ದಳು. ಸೆರಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು... ತಟ್... ತಟ್... ಉಸಿರು ಮಾತ್ರ ಇನ್ನೂ ಆಡುತ್ತಿತ್ತು.

ಗಾಡಿ ನಡೆಸುತ್ತಿದ್ದವನು ಗೌಡನ ತಮ್ಮ ಈರಣ್ಣ. ಯಾರೋ ಕಳ್ಳರು ಹೊಲದಲ್ಲಿ ಕಡಿದು ಓಡಿದರು ಎಂದ. ಅಣ್ಣ ಸಾಯುತ್ತಿರುವ ಗಾಬರಿ ಅವನ ದನಿಯಲ್ಲಿ ಎಳ್ಳಷ್ಟೂ ಇರಲಿಲ್ಲ.

ಕೀಲಿ ತಿರುಗಿಸು ಎಂದೆ. ಕರೆಂಟು ಬಿಡುವ ರಿಲೇ 'ಟಿಕ್' ಎಂದಿತು, ಎಂಜಿನ್ ತಿರುಗಿಸುವ ಸೆಲ್ಫ್ ಮೋಟಾರು ಮಿಸುಕಲಿಲ್ಲ. ಇನ್ನೊಮ್ಮೆ ಟಿಕ್. ಹೆಡ್‌ಲೈಟು ಝಗಝಗ ಉರಿಯುತ್ತಿತ್ತು, ಅಂದರೆ ಬ್ಯಾಟರಿ ಗಟ್ಟಿ. ಎಂಜಿನ್ನಿಗೆ ಹೋಗುವ ಚೋಕಿನ ಸಣ್ಣ ತಂತಿ ಮುಟ್ಟಿದರೆ ಬೆರಳು ಚುರ್ರೆಂದಿತು, ರಬ್ಬರು ಸುಟ್ಟ ನಾತ. ನನಗೆ ತಿಳಿದುಹೋಯಿತು. ಎಂಜಿನ್ನಿಗೆ ಅರ್ಥ್ ಇಲ್ಲ. ಎಂಜಿನ್ನಿಗೂ ಗಾಡಿಯ ಮೈಗೂ ಕೂಡಿಸಿದ ದಪ್ಪ ಅರ್ಥ್ ಪಟ್ಟಿಯಲ್ಲಿ ಹಿಂದಿರುಗಬೇಕಾದ ಕರೆಂಟು ದಾರಿ ಸಿಗದೆ ಈ ಬಡಪಾಯಿ ತಂತಿಯಲ್ಲಿ ನುಗ್ಗುತ್ತಿದೆ.

ಹ್ಯಾಂಡ್‌ಬ್ರೇಕ್ ಹಿಡಿಯುವುದಿಲ್ಲ ಎಂದ ಈರಣ್ಣ. ಅಂಥ ಗಾಡಿಯನ್ನು ಗೇರಿನಲ್ಲಿ ನಿಲ್ಲಿಸುವುದು ನಮ್ಮ ಕಡೆ ರೂಢಿ. ಗೇರಿಗೆ ಹಾಕಿ ಇಳಿ ಎಂದೆ. ಕೀಲಿ ಇಸಿದುಕೊಂಡು ನನ್ನ ಜೇಬಿಗೆ ಹಾಕಿದೆ, ಬ್ಯಾಟರಿಯ ತಂತಿ ಕಳಚಿ ಪಕ್ಕಕ್ಕೆ ಸರಿಸಿದೆ. ದೀಪಗಳು ಸತ್ತವು. ಕೈಹಾಕುವ ಮೊದಲು ಇಷ್ಟು ಮಾಡುವುದು ನನ್ನ ಪದ್ಧತಿ, ಯಾರು ಎಷ್ಟೇ ಅವಸರ ಮಾಡಿದರೂ ಬಿಟ್ಟವನಲ್ಲ.

ಈರಣ್ಣ ಬೀಡಿ ಹಚ್ಚಲು ಅತ್ತ ಸರಿದ. ನೀಲವ್ವ ಕಿಟಕಿಗೆ ಬಾಯಿ ತಂದು ಪಿಸುಗುಟ್ಟಿದಳು.

"ಅಣ್ಣಾ, ಕಡದಾಂವ ಇವನೇ. ಹೊಲದ ಪಾಲಿಗೆ. ಗಾಡಿ ನಡಸಾಕ ಬರೂದು ಇವಗೊಬ್ಬಗ... ಏನ್ ಮಾಡ್ಲಿ? ನೀರು ಹಾಕ್ತೇನಿ ಅಂತ ಇಲ್ಲಿ ನಿಲ್ಲಿಸಿ ಬಾನೆಟ್ ತಗದ. ಆಮ್ಯಾಲ ಚಾಲೂನ ಆಗವಲ್ದು."

ಟಾರ್ಚು ಹಿಡಿದು ಅರ್ಥ್ ಪಟ್ಟಿ ನೋಡಿದೆ. ತುಕ್ಕು ಹಿಡಿದ ನಟ್ಟಿನ ಮೇಲೆ ಪಾನಾ ತಿರುಗಿಸಿದ ಹೊಸ ಗೀರು ಫಳಫಳ ಹೊಳೆಯುತ್ತಿತ್ತು. ಅದು ತಾನಾಗಿ ಸಡಿಲಾದದ್ದಲ್ಲ. ಅಣ್ಣನ ರಕ್ತ ಇಲ್ಲೇ ಬಸಿದುಹೋಗಲಿ ಎಂದು ಕಾಯುತ್ತಿದ್ದಾನೆ, ಭಾಡ್ಯಾ!

ಸುಮ್ಮನೆ ಪಟ್ಟಿ ಬಿಗಿದು ಹೊರಡಬೇಕಿತ್ತು. ಆದರೆ ನನ್ನ ಸಿಟ್ಟು ನನ್ನ ಮಾತು ಕೇಳಬೇಕಲ್ಲ. ಪಟ್ಟಿ ಬಿಚ್ಚಿ ತಿಕ್ಕುತ್ತಾ, ಇದನ್ನು ಬೇಕಂತಲೇ ಸಡಿಲು ಮಾಡಿದ್ದಾರೆ ಎಂದು ಗಟ್ಟಿಯಾಗಿಯೇ ಅಂದುಬಿಟ್ಟೆ.

ಬೀಡಿ ನೆಲಕ್ಕೆ ಬಿತ್ತು. ಈರಣ್ಣ ಮರಕ್ಕೂ ಬಂಪರಿಗೂ ನಡುವೆ ಬಂದು ನಿಂತ. ಕೈಯಲ್ಲಿ ಎಂಜಿನ್ ತಿರುಗಿಸುವ ಕಬ್ಬಿಣದ ಹ್ಯಾಂಡಲ್.

"ನಿನ್ನ ಕೆಲಸ ಎಷ್ಟೈತಿ ಅಷ್ಟ ಮಾಡಬೇಕಿತ್ತು ನೀ," ಎಂದ, ಬಹಳ ಮೆಲ್ಲಗೆ.

ಮೊದಲ ಏಟು ನನ್ನ ಹೆಗಲಿಗೆ. ಎಲುಬು ಮುರಿದ ಸದ್ದು ನನಗೇ ಕೇಳಿಸಿತು. ಮುಂದಿನ ಗಾಲಿಯ ಪಕ್ಕ ಮಗ್ಗುಲಾಗಿ ಬಿದ್ದೆ. ಎರಡನೆಯ ಏಟು ತಲೆಗೆಂದು ಅವನು ಹ್ಯಾಂಡಲ್ ಎತ್ತಿದ...

ಆಗ ಬಾನೆಟ್ಟಿನೊಳಗೆ ರಿಲೇ ಟಿಕ್ ಎಂದಿತು.

ದೇವರಾಣೆ ಹೇಳುತ್ತೇನೆ, ಕೀಲಿ ನನ್ನ ಜೇಬಿನಲ್ಲಿತ್ತು. ಅರ್ಥ್ ಪಟ್ಟಿ ನನ್ನ ಮುಷ್ಟಿಯಲ್ಲಿತ್ತು. ಬ್ಯಾಟರಿಯ ತಂತಿ ಬಿಚ್ಚಿ ಬಿದ್ದಿತ್ತು. ಈರಣ್ಣನೂ ಆ ಸದ್ದು ಕೇಳಿ ತಲೆ ತಿರುಗಿಸಿದ. ಸೆಲ್ಫ್ ಗರ್ರ್ ಎಂದು ಕಿರುಚಿತು, ಗೇರಿನಲ್ಲಿದ್ದ ಗಾಡಿ ಮುಂದಕ್ಕೆ ಎಗರಿ ಅವನನ್ನು ಮರಕ್ಕೆ ಒತ್ತಿತು. ಒತ್ತಿ ನಿಲ್ಲಲಿಲ್ಲ. ಗರ್ರ್... ಗರ್ರ್... ಮತ್ತೆ ಮತ್ತೆ ನೂಕಿತು. ಸೊಂಟದ ಕೆಳಗೆ ಅವನ ಎಲುಬುಗಳು ಲಟಲಟ ಮುರಿಯುತ್ತಿದ್ದವು. ಅವನ ಬಾಯಿಂದ ಬಂದ ಕೂಗು ಮನುಷ್ಯರದಾಗಿರಲಿಲ್ಲ.

ಆಮೇಲೆ ಎಲ್ಲ ಸ್ತಬ್ಧ. ಮತ್ತೆ ಸೆರಗಿನ ತಟ್... ತಟ್...

ಒಳಗೆ ಇಣುಕಿದೆ. ಶಿವಪ್ಪಗೌಡನಿಗೆ ಎಚ್ಚರವಿಲ್ಲ. ನೀಲವ್ವನ ಎರಡೂ ಕೈ ಗಾಯದ ಮೇಲೆಯೇ ಇದ್ದವು. ಗಾಡಿಯನ್ನು ನ್ಯೂಟ್ರಲ್ಲಿಗೆ ತಂದು, ಒಂದೇ ಕೈಯಿಂದ ಹಿಂದಕ್ಕೆ ನೂಕಿದೆ. ಈರಣ್ಣ ಮೂಟೆಯಂತೆ ಉರುಳಿದ. ಬಿಟ್ಟು ಹೋಗೋಣ ಎಂದು ನನ್ನ ಬಾಯಿಗೆ ಬಂದಿತ್ತು. ನೀಲವ್ವನೇ, ಅವನನ್ನೂ ಹಾಕಿಕೊಳ್ಳಿರಿ ಅಂದಳು. ನನಗೆ ನಾಚಿಕೆಯಾಯಿತು. ಒಂದೇ ಕೈಯಲ್ಲಿ ಅವನನ್ನು ಎಳೆದು ಹೇಗೋ ಮುಂದಿನ ಸೀಟಿಗೆ ಹಾಕಿದೆ.

ಪಟ್ಟಿ ಬಿಗಿದೆ, ಬ್ಯಾಟರಿ ಕೂಡಿಸಿದೆ, ಕೀಲಿ ತಿರುಗಿಸಿದೆ. ಒಂದೇ ಹೊಡೆತಕ್ಕೆ ಚಾಲೂ. ಹೆಗಲು ಬೆಂಕಿಯಾಗಿತ್ತು, ಬಾಗಲಕೋಟೆವರೆಗೆ ಹೇಗೆ ನಡೆಸಿದೆನೋ ನನಗೇ ಗೊತ್ತಿಲ್ಲ. ಕಮತಗಿ ದಾಟುವಷ್ಟರಲ್ಲಿ ನನ್ನ ಪಕ್ಕದ ಸೀಟಿನಲ್ಲಿ ಈರಣ್ಣನ ನರಳಾಟ ನಿಂತಿತು. ಶಿವಪ್ಪಗೌಡ ಬದುಕಿದ.

ಸೆಲ್ಫ್ ನಾನೇ ಹೊಡೆದೆ ಎಂದು ಪೊಲೀಸರು ಬರೆದುಕೊಂಡರು. ಜೀವ ಉಳಿಸಿಕೊಳ್ಳಲು ಮಾಡಿದ್ದು, ತಪ್ಪಿಲ್ಲ ಎಂದು ಬಿಟ್ಟರು. ಊರವರು ಬೆನ್ನು ತಟ್ಟಿದರು. ತಂತಿ ಬಿಚ್ಚಿತ್ತು ಎಂದರೆ ನಗುತ್ತಿದ್ದರು.

ಗಾಯ ಮಾಗಿದ ಮೇಲೆ ಒಂದು ಸಂಜೆ ಗೌಡ, ನೀಲವ್ವ ಅದೇ ಕಾರಿನಲ್ಲಿ, ಹೊಸ ಡ್ರೈವರನನ್ನು ಇಟ್ಟುಕೊಂಡು, ನನ್ನ ಅಂಗಡಿಗೆ ಬಂದರು. ಗೌಡ ನನ್ನ ಕೈ ಹಿಡಿದು ಅತ್ತ. ಹೋಗುವಾಗ ತಡೆದು ಕೇಳಿದ.

"ನನ್ನ ಮುಂದ ಖರೆ ಹೇಳು. ನೀನ ಹೊಡದಿ ಹೌದಿಲ್ಲೋ?"

ಇಲ್ಲ ಎಂದೆ. ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವನ ಮುಖ ಬಿಳಿಚಿಕೊಂಡಿತು.

"ಹಂಗಾರ ಯಾರು?"

ಕಾರಿನೊಳಗೆ ಒಂದು ಕಾಲಿಟ್ಟಿದ್ದ ನೀಲವ್ವ ಮೆಲ್ಲಗೆ ಆ ಕಾಲನ್ನು ಕೆಳಗಿಳಿಸಿದಳು.

"ಬಸ್ಸಿಗೆ ಹೋಗೂಣ್ರಿ," ಎಂದಳು.

ಮೂವರೂ ಬಸ್ಸಿಗೆ ಹೋದರು, ಡ್ರೈವರನೂ ಉಳಿಯಲಿಲ್ಲ. ಕತ್ತಲಾಯಿತು. ಕಾರು ನನ್ನ ಅಂಗಡಿ ಬಾಗಿಲಿಗೆ ಮುಖ ಮಾಡಿ ನಿಂತೇ ಇತ್ತು. ಅದರ ಮುಂದೆ ಹಾದು ಮನೆಗೆ ಹೋಗಲು ನನ್ನಿಂದಾಗಲಿಲ್ಲ... ಹಿತ್ತಲ ಗೋಡೆ ಹಾರಿ ಹೋದೆ.