ಎದುರು ಮನೆ ಅಕ್ಕನ ಅಂಗೈ

ಮೊನ್ನೆ ಮಗಳು ವಸ್ತ್ರಾಪುರದ ಕೆರೆ ಹತ್ತಿರದ ಮೇಳದಿಂದ ಒಣಗಿದ ಹಿಪ್ಪೆ ಹೂವಿನ ಪೊಟ್ಟಣ ತಂದಳು. ಬಿಚ್ಚಿದ್ದೇ ತಡ, ಹುಳಿ ಬೆರೆತ ಆ ಸಿಹಿ ವಾಸನೆ ಅಡುಗೆಮನೆ ತುಂಬಿತು. ಬೋಪಾಲ್ ಬಡಾವಣೆಯ ಈಗಿನ ಮನೆಯ ಒಂಬತ್ತನೇ ಮಹಡಿಯಲ್ಲಿ ನಿಂತಿದ್ದ ನನಗೆ ಎದುರು ಮನೆ ಅಕ್ಕ ನೆನಪಾದರು. ಹಿಂದೆಯೇ ಹಳೆಯ ಹೊಟ್ಟೆಕಿಚ್ಚೂ ಎದ್ದು ಕೂತಿತು. ತೀರಿಕೊಂಡವರ ಮೇಲೆ ಹೊಟ್ಟೆಕಿಚ್ಚು ಪಡಬಾರದಂತೆ. ಯಾರು ಏನಾದರೂ ಅನ್ನಲಿ, ನನಗಾಗುತ್ತದೆ, ಏನು ಮಾಡಲಿ?

ಆಗ ನಾವು ವಡೋದರಾದಲ್ಲಿದ್ದೆವು. ನಮ್ಮ ಯಜಮಾನರದು ಬ್ಯಾಂಕ್ ಕೆಲಸ. ಎರಡು ಮೂರು ವರ್ಷಕ್ಕೊಂದು ಊರು, ಊರಿಗೊಂದು ಬಾಡಿಗೆ ಮನೆ. ಎಲ್ಲ ಮಾಲೀಕರದೂ ಒಂದೇ ಮಾತು, ಗೋಡೆಗೆ ಮೊಳೆ ಹೊಡೆಯಬೇಡಿ. ನಮ್ಮ ಮದುವೆ ಫೋಟೋ ಟ್ರಂಕಿನಿಂದ ಈಚೆ ಬಂದದ್ದೇ ಇಲ್ಲ. ಯಾವುದಾದರೂ ಒಂದು ಗೋಡೆಯ ಮೇಲೆ ನನ್ನದೊಂದು ಗುರುತು ಉಳಿಯಲಿ ಅಂತ ಆಸೆ... ನಗಬೇಡಿ, ಊರೂರು ಅಲೆದವರಿಗೆ ಗೊತ್ತು ಅದು.

ಎದುರು ಮನೆ ಅಕ್ಕ ಗದಗಿನ ಕಡೆಯವರು, ಅವರ ಗಂಡ ರೈಲ್ವೆಯಲ್ಲಿದ್ದರು. ಹೌಸಿಂಗ್ ಸೊಸೈಟಿಯಲ್ಲಿ ಕನ್ನಡದವರು ನಾವೆರಡೇ ಮನೆ. ನಾನು ಆಗಲೇ ಒಂದು ಸೇವಾ ಗುಂಪಿನ ಜೊತೆ ಭಾನುವಾರಗಳಲ್ಲಿ ಛೋಟಾ ಉದೇಪುರದ ಆಚೆಯ ಗುಡ್ಡದ ಊರೊಂದಕ್ಕೆ ಹೋಗುತ್ತಿದ್ದೆ. ಜೀಪು ಕೆಳಗೇ ನಿಲ್ಲುತ್ತಿತ್ತು, ಮೇಲಕ್ಕೆ ಬರೀ ಕಾಲುದಾರಿ. ಊರವರ ಜೊತೆ ಸೇರಿ ಅಲ್ಲೊಂದು ಸಮುದಾಯ ಭವನ ಕಟ್ಟುತ್ತಿದ್ದೆವು. ಅಕ್ಕನನ್ನು ಕರೆದುಕೊಂಡು ಹೋದವಳೂ ನಾನೇ, ನನ್ನ ಗ್ರಹಚಾರ!

ಕೆಲಸದಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಮಣ್ಣು ತುಳಿದೆ, ಕಲ್ಲು ಹೊತ್ತೆ, ಹಟ ಹಿಡಿದು ಗುಜರಾತಿ ಕಲಿತೆ. ಅವರಿಗೆ ಹೊರೆಯಾಗಬಾರದೆಂದು ನಸುಕಿನಲ್ಲೇ ಎದ್ದು ಚಿತ್ರಾನ್ನ ಕಲಸಿ, ಬಾಟಲಿಗಳಲ್ಲಿ ನೀರು ತುಂಬಿಕೊಂಡು ಹೋಗುತ್ತಿದ್ದೆ. ಅಕ್ಕ ಕೈ ಬೀಸಿಕೊಂಡು ಬರುತ್ತಿದ್ದರು. ಮಧ್ಯಾಹ್ನವಾದರೆ ಸಾಕು, ಯಾರದೋ ಒಲೆ ಮುಂದೆ ಕೂತು ಮೆಕ್ಕೆಜೋಳದ ರೊಟ್ಟಿ ತಿನ್ನುವುದು, ಬಾರದ ಭಾಷೆಯಲ್ಲಿ ಹರಟುವುದು.

"ಬಾರವ್ವ, ನೀನೂ ಒಂದ್ ತುತ್ತು ತಿನ್ನು. ಥೇಟ್ ನಮ್ ಕಡೆ ರೊಟ್ಟಿ ಇದ್ದಂಗ ಐತಿ."

"ಅಯ್ಯೋ ಬೇಡ ಅಕ್ಕ, ಪಾಪ ಅವ್ರಿಗ್ಯಾಕೆ ತೊಂದ್ರೆ? ಡಬ್ಬಿ ತಂದಿದೀನಲ್ಲ."

ನಾವು ಮೈಸೂರಿನವರು. ಯಾರ ಮನೆಗೆ ಹೋದರೂ "ಊಟ ಆಯ್ತು, ಈಗಷ್ಟೇ ಆಯ್ತು" ಅಂತ ಬಾಗಿಲಲ್ಲೇ ಹೇಳುವ ಪೈಕಿ.

ಮನೆ ಕಟ್ಟಿ ಮುಗಿದ ದಿನ, ಬಾಗಿಲ ಪಕ್ಕದ ಹಸಿ ಮಣ್ಣಿನ ಮೇಲೆ ಮನೆಯ ಹೆಂಗಸು ಅಂಗೈ ಒತ್ತುವುದು ಆ ಊರಿನ ಪದ್ಧತಿ. ಭವನಕ್ಕೆ ಯಾರ ಕೈ ಅನ್ನುವುದನ್ನು ಊರ ಹೆಂಗಸರೇ ಹೇಳಬೇಕಿತ್ತು. ನನ್ನದೇ ಅಂದುಕೊಂಡಿದ್ದೆ. ಉಗುರು ಕತ್ತರಿಸಿ, ಬಳೆ ಕಳಚಿಟ್ಟು ತಯಾರಾಗಿ ಹೋಗಿದ್ದೆ! ಆದರೆ ಅಲ್ಲಿನ ಹಿರಿಯಜ್ಜಿ ನೇರವಾಗಿ ಬಂದು ಅಕ್ಕನ ಕೈ ಹಿಡಿದಳು. ಅಕ್ಕ ಒಂದು ಮಾತಿಗಾದರೂ ನನ್ನ ಕಡೆ ತಿರುಗಿ "ನೀ ಒತ್ತವ್ವ" ಅನ್ನಲಿಲ್ಲ. ನಗುನಗುತ್ತಾ ಹೋಗಿ ಒತ್ತಿಯೇಬಿಟ್ಟರು.

ನನ್ನ ಹೊಟ್ಟೆ ಧಗಧಗ ಉರಿಯಿತು. ನಾಚಿಕೆ ಬಿಟ್ಟು ಅಜ್ಜಿಯನ್ನು ಕೇಳಿದೆ, ನಾನೇನು ಕಡಿಮೆ ಮಾಡಿದೆ ಅಂತ.

"ನೀನು ಬಹಳ ಮಾಡಿದೆ ಬೆನ್," ಅಂದಳು ಅಜ್ಜಿ. ಅಕ್ಕ-ತಂಗಿ ಅನ್ನುವುದಕ್ಕೆ ಅವರಲ್ಲಿ ಬೆನ್. "ಆದರೆ ನಮ್ಮ ಮನೆಯ ನೀರೂ ಕುಡಿಯಲಿಲ್ಲ. ನೀನು ಅತಿಥಿ. ಅವಳು ಮನೆಯವಳು."

ವಾಪಸು ಬರುವಾಗ ಜೀಪಿನಲ್ಲಿ ಅಕ್ಕ ಹಿಪ್ಪೆ ಹೂ ಕೊಟ್ಟರು, ಯಾರೋ ಅವರ ಸೆರಗಿಗೆ ಕಟ್ಟಿ ಕಳಿಸಿದ್ದು. ನಾನು ಮುಖ ತಿರುಗಿಸಿ ಕೂತೆ. ಮುಂದಿನ ವರ್ಷ ನಮಗೆ ಸೂರತ್‌ಗೆ ವರ್ಗವಾಯಿತು. ಹಬ್ಬಕ್ಕೆ ಅಕ್ಕನ ಫೋನ್ ಬರುತ್ತಿತ್ತು, ಆಮೇಲೆ ಅದೂ ನಿಂತಿತು... ಹೋದ ವರ್ಷ ಅವರ ಗಂಡನ ಫೋನ್ ಬಂತು. ಅಕ್ಕ ಇಲ್ಲ ಅಂತ.

ಹೂವಿನ ವಾಸನೆ ಮೂಗಿನಿಂದ ಹೋಗಲೇ ಇಲ್ಲ. ಈ ಭಾನುವಾರ ಕಾರು ಮಾಡಿಕೊಂಡು ಹೊರಟೆ. ಡಬ್ಬಿ ಒಯ್ಯಲಿಲ್ಲ, ಬಾಟಲಿಯನ್ನೂ. ಭವನ ಗಟ್ಟಿಯಾಗಿ ನಿಂತಿದೆ. ದೀಪಾವಳಿಗೊಮ್ಮೆ ಗೋಡೆಗೆ ಹೊಸ ಮಣ್ಣು ಬಳಿಯುತ್ತಾರಂತೆ. ಆದರೆ ಆ ಅಂಗೈ ಇದ್ದ ಜಾಗ ಬಿಟ್ಟು, ಸುತ್ತ ಬಳಿದಿದ್ದಾರೆ! ಇಷ್ಟು ವರ್ಷ! ನೋಡಿ ಮತ್ತೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಅಜ್ಜಿಯ ಸೊಸೆಯ ಒಲೆ ಮುಂದೆ ಕೂತು ರೊಟ್ಟಿ ತಿಂದೆ. ಮಡಕೆಯ ನೀರು ಕೇಳಿ ಕುಡಿದೆ. ಅವಳು ಎದ್ದು ಹೋಗಿ ಒಂದು ಹಿಡಿ ಮಣ್ಣು ಕಲಸಿ ತಂದು, ಅಕ್ಕನ ಅಂಗೈ ಪಕ್ಕದಲ್ಲೇ ಮೆತ್ತಿದಳು. "ಒತ್ತು ಬೆನ್" ಅಂದಳು.

ಒತ್ತಿದೆ. ಚೆನ್ನಾಗಿ ಮೂಡಿದೆ, ಅಕ್ಕನದಕ್ಕಿಂತ ಸ್ಫುಟವಾಗಿ. ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡೆ. ರಾತ್ರಿ ಮನೆಗೆ ಬಂದು ಬೀಗ ತೆಗೆಯುವಾಗ, ಅಭ್ಯಾಸಬಲ ನೋಡಿ, ಫೋಟೋ ತೋರಿಸಿ ಅಕ್ಕನ ಹೊಟ್ಟೆ ಉರಿಸೋಣವೆಂದು ಎದುರು ಬಾಗಿಲ ಕಡೆ ತಿರುಗಿದೆ. ಅಲ್ಲಿ ಬೇರೆ ಯಾರದೋ ಹೆಸರಿತ್ತು.